ಕಲ್ಲಿದ್ದಲು ಗಣಿ ಜನರ ಫೋಟೋ ತೆಗೆಯುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಎಲ್ಲಿ ಫೋಟೋ ತೋರಿಸಿದರೂ, ಯಾವ ಕಾಲೇಜಿಗೆ ಮಾತಾಡಲು ಹೋದರೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಪತ್ರದಲ್ಲೂ ಇವೇ, ವಾಟ್ಸಾಪ್‌ನಲ್ಲೂ ಇವೇ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಈಗಾಗಲೇ ಕ್ಯಾಮೆರಾ ಹಿಡಿದು ಓಡಾಡುತ್ತಿರುವವರ ಪ್ರಶ್ನೆಗಳು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

## ಹೊಸಬರಿಗೆ

ಕರ್ನಾಟಕದಲ್ಲಿ ಕಲ್ಲಿದ್ದಲೇ ಇಲ್ವಲ್ಲ ಮೇಡಂ, ಬೆಂಗಳೂರಿನವರು ನೀವು ಇದನ್ನ ಯಾಕೆ ಹಿಡ್ಕೊಂಡ್ರಿ?

ನಮ್ಮಲ್ಲಿ ಗಣಿ ಇಲ್ಲ, ಆದರೆ ಕಲ್ಲಿದ್ದಲು ಉರಿಯುತ್ತಿದೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಅದನ್ನು ಉರಿಸಿ ಕರೆಂಟ್ ಮಾಡುತ್ತಿದ್ದಾರೆ. ಅಲ್ಲಿನ ಸಾಮರ್ಥ್ಯ 1,720 ಮೆಗಾವ್ಯಾಟ್. ಬಳ್ಳಾರಿ ಹತ್ತಿರ ಕುಡಿತಿನಿಯಲ್ಲಿ ಇನ್ನೊಂದು ಸ್ಥಾವರ ಇದೆ. ತೆಲಂಗಾಣದ ಸಿಂಗರೇಣಿ ಗಣಿಗಳಿಂದ ರೈಲುಗಟ್ಟಲೆ ಕಲ್ಲಿದ್ದಲು ರಾಯಚೂರಿಗೆ ಬರುತ್ತೆ. ಸಾಲದ್ದಕ್ಕೆ ನಮ್ಮ ಕರ್ನಾಟಕ ವಿದ್ಯುತ್ ನಿಗಮದ್ದೇ ಒಂದು ಗಣಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್‌ನಲ್ಲಿದೆ. ಜಯನಗರದಲ್ಲಿ ಕೂತು ನಾವು ಮಿಕ್ಸಿ ತಿರುಗಿಸುತ್ತೇವೆ, ಆದರೆ ಆ ತಂತಿಯ ಇನ್ನೊಂದು ತುದಿಯಲ್ಲಿ ಯಾರ ಮನೆ ಇದೆ, ಅವರ ಮಗು ಯಾವ ಶಾಲೆಗೆ ಹೋಗುತ್ತೆ, ಅವರ ಅಪ್ಪ ಯಾಕೆ ಕೆಮ್ಮುತ್ತಾರೆ ಅನ್ನೋದು ನಮಗೆ ಗೊತ್ತಿಲ್ಲ. ಅದು ಗೊತ್ತಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತೆ.

ಪೇಪರ್‌ಗೆ ಫೋಟೋ ತೆಗೆಯೋದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪೇಪರಿನವರಿಗೆ ಇವತ್ತಿನ ಫೋಟೋ ಇವತ್ತೇ ಬೇಕು. ಗಣಿ ಕುಸಿದರೆ ಹೋಗುತ್ತಾರೆ, ಸಂಜೆಗೆ ಕಳಿಸುತ್ತಾರೆ. ಅದು ಬೇಕೇ ಬೇಕಾದ ಕೆಲಸ. ನಮ್ಮದು ಕುಸಿತ ಆಗದೇ ಇದ್ದ ದಿನದ ಕೆಲಸ. ಅದೇ ಓಣಿಗೆ, ಅದೇ ಮನೆಗೆ ವರ್ಷಗಟ್ಟಲೆ ಹೋಗುತ್ತಾ ಇರಬೇಕು. ಹೋದ ಸಲ ಮದುವೆ ಆಗದೇ ಇದ್ದ ಹುಡುಗಿಯ ಕಂಕುಳಲ್ಲಿ ಈ ಸಲ ಮಗು ಇರುತ್ತೆ, ಹೋದ ಸಲ ಕೆಲಸಕ್ಕೆ ಹೋಗುತ್ತಿದ್ದ ಅವರಪ್ಪ ಈ ಸಲ ಜಗಲಿ ಮೇಲೆ ಕೂತಿರುತ್ತಾರೆ. ಈ ಬದಲಾವಣೆ ಒಂದೇ ಭೇಟಿಯಲ್ಲಿ ಸಿಗುವುದಿಲ್ಲ.

ಕೋರ್ಸ್ ಮಾಡ್ಲೇಬೇಕಾ?

ಬೇಡ. ಮಾಡಿದರೆ ಒಳ್ಳೆಯ ಸ್ನೇಹಿತರು ಸಿಗುತ್ತಾರೆ, ಅಷ್ಟೇ ಲಾಭ ಸಾಕು ಅನ್ನುವವರು ಮಾಡಿ. ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಗೆ ಹೋಗಿ ದೊಡ್ಡ ಪ್ರಿಂಟ್‌ಗಳನ್ನು ಕಣ್ಣಾರೆ ನೋಡಿ. ಮೊಬೈಲ್‌ನಲ್ಲಿ ನೋಡಿದ್ದಕ್ಕೂ ಅದಕ್ಕೂ ಬಹಳ ವ್ಯತ್ಯಾಸ ಇದೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ, ಅಲ್ಲಿನ ಹಿರಿಯರ ಹತ್ತಿರ ಕಲಿಯುವುದು ಸಾಕಷ್ಟಿದೆ.

ಬಜೆಟ್ ಕಮ್ಮಿ ಇದೆ. ಯಾವ ಕ್ಯಾಮೆರಾ ತಗೊಳ್ಳಲಿ?

ಸೆಕೆಂಡ್ ಹ್ಯಾಂಡ್ ಬಾಡಿ ತಗೊಳ್ಳಿ, 35 ಎಂಎಂ ಪ್ರೈಮ್ ಲೆನ್ಸ್ (ಜೂಮ್ ಆಗದ್ದು) ಒಂದು ಹಾಕಿ. ಗಣಿ ಊರಿನಲ್ಲಿ ಲೆನ್ಸ್ ಬದಲಾಯಿಸಿದರೆ ಸೆನ್ಸರ್ ಮೇಲೆ ಕಲ್ಲಿದ್ದಲ ಧೂಳು ಕೂರುತ್ತೆ. ಅದಕ್ಕೇ ಒಂದೇ ಲೆನ್ಸಿನಲ್ಲಿ ಇಡೀ ದಿನ ಕಳೆಯುವುದು ಅಭ್ಯಾಸ ಆಗಬೇಕು. ಲೆನ್ಸಿನ ಮೇಲೆ ಧೂಳು ಕೂತರೆ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತೆ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಒರೆಸಿ. ಉಳಿದ ದುಡ್ಡಿಗೆ ದಪ್ಪ ಅಟ್ಟೆಯ ಶೂ, ಎನ್-95 ಮಾಸ್ಕ್, ಮತ್ತೆ ಎಸ್‌ಪಿ ರೋಡಿನಲ್ಲಿ ಎರಡು ಹಾರ್ಡ್ ಡಿಸ್ಕ್. ಹೌದು, ಎರಡು. ಒಂದು ಕೈಕೊಟ್ಟರೆ ಇನ್ನೊಂದು ಇರಬೇಕು.

ಇದ್ರಿಂದ ಹೊಟ್ಟೆ ತುಂಬುತ್ತಾ?

ಇದೊಂದರಿಂದಲೇ ತುಂಬುವುದಿಲ್ಲ. ನನಗೆ ಗೊತ್ತಿರುವ ಹೆಚ್ಚಿನವರು ಮದುವೆ, ಕಂಪನಿಗಳ ಕಾರ್ಯಕ್ರಮ, ಸಂಸ್ಥೆಗಳ ವಾರ್ಷಿಕ ವರದಿ, ಕಟ್ಟಡಗಳ ಫೋಟೋ, ಹೀಗೆ ಏನಾದರೂ ಮಾಡಿ ದುಡಿದು, ಆ ದುಡ್ಡಿನಲ್ಲಿ ಗಣಿ ಊರಿಗೆ ಹೋಗುತ್ತಾರೆ. ನಾನೂ ಹಾಗೇ. ಮದುವೆ ಸೀಸನ್‌ನಲ್ಲಿ ಬೆಂಗಳೂರು ಬಿಟ್ಟು ಕದಲುವುದಿಲ್ಲ. ಮದುವೆ ಕೆಲಸವನ್ನು ಕೀಳು ಅಂದುಕೊಳ್ಳಬೇಡಿ. ಗಡಿಬಿಡಿಯಲ್ಲಿರುವ ಮನೆಯವರ ನಡುವೆ ಯಾರ ಕಾಲಿಗೂ ತೊಡರದೆ ನಿಂತು, ಬರುವ ಕ್ಷಣಕ್ಕೆ ಮೊದಲೇ ರೆಡಿ ಇರುವುದನ್ನು ಅದಕ್ಕಿಂತ ಚೆನ್ನಾಗಿ ಯಾವುದೂ ಕಲಿಸುವುದಿಲ್ಲ.

ಮೊದಲ ಸಲ ಎಲ್ಲಿಗೆ ಹೋಗಲಿ? ನೇರ ಜಾರ್ಖಂಡ್‌ಗೇ?

ಬೇಡ, ಕೆಜಿಎಫ್‌ಗೆ ಹೋಗಿ. ಅದು ಚಿನ್ನದ ಗಣಿ, ನಿಜ. ಆದರೆ ಗಣಿ ಊರು ಹೇಗಿರುತ್ತೆ ಅಂತ ತಿಳಿಯಲು ನಮಗೆ ಇಷ್ಟು ಹತ್ತಿರ ಬೇರೆ ಜಾಗ ಇಲ್ಲ. ಭೂಮಿಯೊಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಜನ ಅಲ್ಲೇ ಇದ್ದಾರೆ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಬರುವ ಬೆಳಗಿನ ರೈಲು ಹತ್ತಿ ನೋಡಿ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಅದರಲ್ಲಿ ಕೆಲಸಕ್ಕೆ ಬರುತ್ತಾರೆ, ರಾತ್ರಿ ವಾಪಸ್ ಹೋಗುತ್ತಾರೆ. ಒಂದು ವರ್ಷ ಕ್ಯಾಮೆರಾ ಹಿಡಿದು ಅವರ ಜೊತೆ ಓಡಾಡಿದರೆ ಈ ಕೆಲಸ ನಿಮಗೆ ಒಗ್ಗುತ್ತಾ ಇಲ್ವಾ ಅಂತ ಗೊತ್ತಾಗುತ್ತೆ. ಅದಾದ ಮೇಲೆ ಸಿಂಗರೇಣಿ. ಜಾರ್ಖಂಡ್ ಕೊನೆಗೆ.

## ಜಾಗ ಮತ್ತು ಜನ

ಝರಿಯಾದಲ್ಲಿ ನಿಜವಾಗ್ಲೂ ನೆಲ ಉರಿಯುತ್ತಾ?

ಉರಿಯುತ್ತೆ. ಜಾರ್ಖಂಡ್‌ನ ಧನ್‌ಬಾದ್ ಜಿಲ್ಲೆಯ ಝರಿಯಾದಲ್ಲಿ ಬೆಂಕಿ ಮೊದಲು ಕಂಡಿದ್ದು 1916ರಲ್ಲಿ, ಇನ್ನೂ ಆರಿಲ್ಲ. ಅಲ್ಲಿರುವುದು ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು. ಕಲ್ಲಿದ್ದಲಿಗೆ ಗಾಳಿ ತಾಗಿದರೆ ತಾನೇ ಬಿಸಿಯಾಗುತ್ತೆ, ಆ ಬಿಸಿ ಹೊರಗೆ ಹೋಗದಿದ್ದರೆ ಹೊತ್ತಿಕೊಳ್ಳುತ್ತೆ. ಖಾಸಗಿ ಮಾಲೀಕರ ಕಾಲದಲ್ಲಿ ಸುರಂಗ ತೋಡಿ, ಕಲ್ಲಿದ್ದಲು ತೆಗೆದು, ಖಾಲಿ ಜಾಗಕ್ಕೆ ಮರಳು ತುಂಬದೆ ಹಾಗೇ ಬಿಟ್ಟು ಹೋದರು. 1970ರ ದಶಕದ ಶುರುವಿನಲ್ಲಿ ರಾಷ್ಟ್ರೀಕರಣ ಆಯಿತು. ಆಮೇಲೆ ಮೇಲಿನಿಂದಲೇ ಅಗೆಯುವ ತೆರೆದ ಗಣಿಗಳು ಜಾಸ್ತಿಯಾದವು, ಅಗೆಯುತ್ತಾ ಹೋದ ಹಾಗೆ ಹಳೆಯ ಸುರಂಗಗಳು ಬಾಯಿ ತೆರೆದು ಇನ್ನಷ್ಟು ಗಾಳಿ ಒಳಗೆ ನುಗ್ಗಿತು.

ಜನರಿಗೆ ಇದು ಹೇಗೆ ಕಾಣುತ್ತೆ ಅಂದರೆ, ಮೊದಲು ಗೋಡೆ ಬಿರುಕು ಬಿಡುತ್ತೆ. ನಾನು ಹೋಗುವ ಒಂದು ಮನೆಯಲ್ಲಿ ಆ ಬಿರುಕಿನ ಮೇಲೆ ಹಳೆಯ ಕ್ಯಾಲೆಂಡರ್ ತೂಗುಹಾಕಿದ್ದರು. ಬಿರುಕು ಉದ್ದವಾದಂತೆ ಕೆಳಗೆ ಇನ್ನೊಂದು ಕ್ಯಾಲೆಂಡರ್ ಬಂತು. ಚಳಿಗಾಲದಲ್ಲೂ ನೆಲ ಬೆಚ್ಚಗಿರುತ್ತೆ. ಮಳೆ ಬಂದಾಗ ಬಿರುಕಿನಿಂದ ಹಬೆ ಏಳುತ್ತೆ. ಕೆಲವೊಮ್ಮೆ ನೆಲ ಇದ್ದಕ್ಕಿದ್ದಂತೆ ಕುಸಿದು ಗುಂಡಿ ಬೀಳುತ್ತೆ, ಅದಕ್ಕೆ ಅಲ್ಲಿನವರು ಗೋಫ್ ಅಂತಾರೆ. 2017ರ ಮೇ ತಿಂಗಳಲ್ಲಿ ಹೀಗೆ ಕುಸಿದ ನೆಲದಲ್ಲಿ ಒಬ್ಬ ತಂದೆ, ಅವರ ಮಗ ಇಬ್ಬರೂ ಹೋಗಿಬಿಟ್ಟರು. ಮುಂದಿನ ತಿಂಗಳು ಇದೇ ಬೆಂಕಿಯ ಕಾರಣಕ್ಕೆ ಧನ್‌ಬಾದ್–ಚಂದ್ರಪುರಾ (ಇದು ಜಾರ್ಖಂಡಿನ ಊರು) ರೈಲು ಮಾರ್ಗವನ್ನೇ ನಿಲ್ಲಿಸಿದರು. ಅದು ಮತ್ತೆ ಶುರುವಾಗಿದ್ದು 2019ರಲ್ಲಿ.

ಅಷ್ಟು ಅಪಾಯ ಇದ್ರೆ ಅವರು ಬೇರೆ ಕಡೆ ಹೋಗಬಾರದಾ?

ಇದನ್ನು ಕೇಳದ ಸಭೆಯೇ ಇಲ್ಲ. 2009ರಲ್ಲಿ ಸರ್ಕಾರ ಪುನರ್ವಸತಿ ಯೋಜನೆಗೆ ಒಪ್ಪಿಗೆ ಕೊಟ್ಟು ಬೆಲ್ಗಡಿಯಾ ಅನ್ನುವಲ್ಲಿ ಮನೆ ಕಟ್ಟಿಸಿತು. ಸಣ್ಣ ಸಣ್ಣ ಫ್ಲ್ಯಾಟುಗಳು. ಹೋದವರು ಇದ್ದಾರೆ. ಹೋದವರು ಹೇಳುವುದು ಒಂದೇ ಮಾತು: ಮನೆ ಸಿಕ್ಕಿತು, ಕೆಲಸ ಹೋಯಿತು. ದಿನಗೂಲಿ ಝರಿಯಾದಲ್ಲಿದೆ, ದಿನಾ ಹೋಗಿ ಬರುವ ಖರ್ಚಿಗೇ ಕೂಲಿ ಸರಿಹೋಗುತ್ತೆ. ಸ್ವಂತ ಜಾಗದ ಪತ್ರ ಇರುವವರಿಗೆ ಒಂದು ಲೆಕ್ಕ, ಇಲ್ಲದವರಿಗೆ ಇನ್ನೊಂದು ಲೆಕ್ಕ ಅನ್ನುವ ಜಗಳವೂ ಇದೆ. 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ 5,940 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಕೊಟ್ಟಿದೆ, ಅದರಲ್ಲಿ ಜೀವನೋಪಾಯಕ್ಕೂ ಹಣ ಇಟ್ಟಿದ್ದಾರೆ. ಇದು ಜನರಿಗೆ ತಲುಪುತ್ತಾ ಅಂತ ನೋಡಲಿಕ್ಕಾದರೂ ಯಾರಾದರೂ ಅಲ್ಲಿಗೆ ಪದೇ ಪದೇ ಹೋಗಬೇಕು. ಬೆಂಕಿಯ ಫೋಟೋ ಸಾವಿರ ಬಂದಿವೆ. ಬೆಲ್ಗಡಿಯಾದ ಅಡುಗೆಮನೆಯ ಫೋಟೋ ಎಷ್ಟು ನೋಡಿದ್ದೀರಿ ಹೇಳಿ?

ಗಣಿ ಒಳಗೆ ಇಳಿಯೋಕೆ ಬಿಡ್ತಾರಾ?

ಮ್ಯಾನೇಜ್‌ಮೆಂಟಿನ ಲಿಖಿತ ಅನುಮತಿ ಇಲ್ಲದೆ ಸಾಧ್ಯವೇ ಇಲ್ಲ. ಅನುಮತಿ ಸಿಕ್ಕರೂ ಮಾಮೂಲಿ ಕ್ಯಾಮೆರಾ, ಫ್ಲಾಶ್, ಮೊಬೈಲ್ ಒಯ್ಯುವ ಹಾಗಿಲ್ಲ. ನೆಲದಡಿ ಮೀಥೇನ್ ಇರುತ್ತೆ. ಗಾಳಿಯಲ್ಲಿ ಅದು ಶೇಕಡಾ 5ರಿಂದ 15ರಷ್ಟು ಸೇರಿಕೊಂಡರೆ ಒಂದು ಕಿಡಿ ಸಾಕು ಸಿಡಿಯಲು. ಅದಕ್ಕೇ ಕಿಡಿ ಹೊರಗೆ ಬಾರದ ಹಾಗೆ ಮಾಡಿದ, ಒಪ್ಪಿಗೆ ಪಡೆದ ಉಪಕರಣ ಮಾತ್ರ ಒಳಗೆ ಹೋಗಬೇಕು. ಕದ್ದು ಒಯ್ಯುವ ಯೋಚನೆಯನ್ನೇ ಮಾಡಬೇಡಿ, ನಿಮ್ಮ ಜೊತೆ ಇಳಿದವರ ಜೀವವೂ ಅದರಲ್ಲಿದೆ. 1975ರ ಡಿಸೆಂಬರ್ 27ರಂದು ಧನ್‌ಬಾದ್ ಹತ್ತಿರದ ಚಸ್ನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ತರು. ಭೂಮಿಯೊಳಗೆ ತಪ್ಪಿಗೆ ಎರಡನೇ ಅವಕಾಶ ಇರುವುದಿಲ್ಲ.

ಅದೂ ಅಲ್ಲದೆ ಈಗ ದೇಶದ ಕಲ್ಲಿದ್ದಲಿನ ಬಹುಪಾಲು ತೆರೆದ ಗಣಿಯಿಂದ ಬರುತ್ತೆ. ಒಳಗೆ ಇಳಿಯದಿದ್ದರೆ ಫೋಟೋ ಇಲ್ಲ ಅನ್ನುವುದು ಹಳೆಯ ಕಾಲದ ಮಾತು. ಶಿಫ್ಟ್ ಬದಲಾಗುವಾಗ ಲ್ಯಾಂಪ್ ರೂಮಿನ ಎದುರು ನಿಂತುಕೊಳ್ಳಿ. ದೀಪ ವಾಪಸ್ ಕೊಟ್ಟು, ಎರಡು ಮಾತಾಡಿ, ಟೀ ಅಂಗಡಿ ಕಡೆ ಹೊರಡುತ್ತಾರಲ್ಲ, ಆ ಹತ್ತು ನಿಮಿಷದಲ್ಲಿ ಇಡೀ ದಿನದ ದಣಿವು ಕಾಣುತ್ತೆ.

ಸಿಂಗರೇಣಿಯಲ್ಲಿ ಬೆಂಕಿ ಗಿಂಕಿ ಏನೂ ಇಲ್ವಲ್ಲ, ಅಲ್ಲಿ ಏನು ತೆಗೀತೀರ?

ಮನೆತನಗಳನ್ನು. 1889ರಲ್ಲಿ ಯೆಲ್ಲಂದುವಿನಲ್ಲಿ ಕಲ್ಲಿದ್ದಲು ತೆಗೆಯಲು ಶುರು ಮಾಡಿದ್ದು. ಕೊತ್ತಗೂಡೆಂ, ಗೋದಾವರಿಖನಿ, ಮಂದಮರ್ರಿ ಎಲ್ಲ ಗಣಿಯಿಂದಲೇ ಬೆಳೆದ ಊರುಗಳು. ಅಲ್ಲಿ ಕಾರ್ಮಿಕ ಕಾಯಿಲೆ ಬಿದ್ದು ಕೆಲಸಕ್ಕೆ ಅನರ್ಹ ಅಂತ ಮೆಡಿಕಲ್ ಬೋರ್ಡ್ ಹೇಳಿದರೆ ಮಗನಿಗೆ ಕೆಲಸ ಸಿಗುವ ಪದ್ಧತಿ ಇದೆ, ಕಾರುಣ್ಯ ನೇಮಕ ಅಂತಾರೆ. ಅಪ್ಪನ ಆರೋಗ್ಯ, ಮಗನ ನೌಕರಿ ಎರಡೂ ಒಂದೇ ಕಾಗದದ ಮೇಲೆ ನಿಂತಿರುತ್ತೆ. ಆ ಕಾಗದಕ್ಕೆ ಕಾಯುತ್ತಿರುವ ಮನೆಯಲ್ಲಿ ಒಂದು ಸಂಜೆ ಕೂತು ನೋಡಿ. ಅಪ್ಪ ಟಿವಿ ನೋಡುತ್ತಿರುತ್ತಾರೆ, ಮಗ ಬಾಗಿಲಲ್ಲಿ ನಿಂತಿರುತ್ತಾನೆ, ಯಾರೂ ಆ ವಿಷಯ ಎತ್ತುವುದಿಲ್ಲ. ದಸರಾ ಮುಂಚೆ ಕಂಪನಿಯ ಲಾಭದ ಪಾಲು ಕೈಗೆ ಬರುವ ವಾರ ಮಾತ್ರ ಊರಿನ ಕಳೆಯೇ ಬೇರೆ, ಅದನ್ನೂ ತೆಗೆಯಬೇಕು.

ಭಾಷೆ ಬರಲ್ಲ, ಪರವಾಗಿಲ್ವಾ?

ಝರಿಯಾದಲ್ಲಿ ಹಿಂದಿಯಲ್ಲಿ ಸುಧಾರಿಸಬಹುದು, ಆದರೆ ಮನೆಯೊಳಗೆ ಖೋರ್ಠಾ, ಸಂತಾಲಿ, ಬಂಗಾಳಿ ಎಲ್ಲ ನಡೆಯುತ್ತೆ. ಗೋದಾವರಿಖನಿಯಲ್ಲಿ ತೆಲುಗು ಬೇಕು. ಊರಿನವರೇ ಒಬ್ಬರನ್ನು ಜೊತೆಗೆ ಇಟ್ಟುಕೊಳ್ಳಿ, ಅವರ ದಿನದ ಸಂಬಳ ಮೊದಲೇ ಮಾತಾಡಿ ಕೊಡಿ. ಫೋಟೋ ಪ್ರಕಟವಾದಾಗ, ಅವರು ಒಪ್ಪಿದರೆ, ಅವರ ಹೆಸರೂ ಹಾಕಿ.

ಹೆಂಗಸರು ಒಬ್ಬರೇ ಹೋಗೋದು ಸೇಫಾ?

ಮೊದಲ ಸಲ ಒಬ್ಬರೇ ಹೋಗಬೇಡಿ, ಊರಲ್ಲಿ ಪರಿಚಯದವರಿಲ್ಲದೆ ಕತ್ತಲಾದ ಮೇಲೆ ಉಳಿಯಬೇಡಿ. ಇದು ಗಂಡಸರಿಗೂ ಅನ್ವಯ. ಆದರೆ ಹೆಂಗಸಾಗಿರುವುದರಿಂದ ನನಗೆ ಸಿಕ್ಕಿದ್ದು ಜಾಸ್ತಿ. "ಒಳಗೆ ಬಾ ದೀದಿ" ಅಂತ ಅಡುಗೆಮನೆಗೆ ಕರೆಯುತ್ತಾರೆ. ಗಣಿಯ ಧೂಳು ಎಲ್ಲಿಗೆ ಬರುತ್ತೆ ಅಂತ ಅಲ್ಲಿ ಗೊತ್ತಾಗುತ್ತೆ: ನೀರಿನ ಬಿಂದಿಗೆಗೆ ಕಟ್ಟಿದ ಬಟ್ಟೆ ಬೆಳಿಗ್ಗೆ ಬಿಳಿ, ಸಂಜೆ ಬೂದಿ ಬಣ್ಣ.

ಗಣಿ ಅಂದರೆ ಗಂಡಸರ ಲೋಕ ಅನ್ನುವುದೂ ಪೂರ್ತಿ ನಿಜವಲ್ಲ. ಒಂದು ಕಾಲಕ್ಕೆ ಹೆಂಗಸರು ನೆಲದಡಿ ಬಹಳ ಸಂಖ್ಯೆಯಲ್ಲಿ ದುಡಿಯುತ್ತಿದ್ದರು. 1929ರ ನಿಯಮಗಳು ಅದನ್ನು ಹಂತ ಹಂತವಾಗಿ ನಿಲ್ಲಿಸಿದವು. ಮತ್ತೆ ಷರತ್ತಿನ ಮೇಲೆ ಒಳಗೆ ಕೆಲಸಕ್ಕೆ ಅವಕಾಶ ಸಿಕ್ಕಿದ್ದು 2019ರಲ್ಲಿ. ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರ ಬಗ್ಗೆ ಯಾರಾದರೂ ಕೂತು ಕೆಲಸ ಮಾಡಿದರೆ ನನಗೆ ತುಂಬಾ ಸಂತೋಷ.

## ಒಪ್ಪಿಗೆ, ಗೌರವ

ಸೈಕಲ್ ಮೇಲೆ ಕಲ್ಲಿದ್ದಲು ಹೊರುವವರ ಮುಖ ತೋರಿಸಬಹುದಾ? ಅದು ಕಳ್ಳತನ ಅಲ್ವಾ?

ಕಾನೂನಿನ ಲೆಕ್ಕದಲ್ಲಿ ಹೌದು, ಅದಕ್ಕೇ ಮುಖದ ವಿಷಯದಲ್ಲಿ ಹುಷಾರಾಗಿರಬೇಕು. ಅವರು ಪಾಳುಬಿದ್ದ ಗಣಿಗಳಿಂದ, ಗುಡ್ಡೆಗಳಿಂದ ಕಲ್ಲಿದ್ದಲು ಆಯ್ದು, ಕೆಲವರು ಅದನ್ನು ರಾಶಿ ಹಾಕಿ ಸುಟ್ಟು, ಒಲೆಗೆ ಬರುವಂತೆ ಮಾಡಿ ಮಾರುತ್ತಾರೆ. ಸೈಕಲ್ಲಿನ ಕಂಬಿಗಳ ನಡುವೆ ಮೂಟೆ, ಕ್ಯಾರಿಯರ್ ಮೇಲೆ ಮೂಟೆ, ಎರಡೂ ಪಕ್ಕಕ್ಕೆ ಮೂಟೆ. ಎರಡು ಕ್ವಿಂಟಾಲ್ ದಾಟುತ್ತೆ. ಸೀಟಿನ ಮೇಲೆ ಕೂರುವ ಪ್ರಶ್ನೆಯೇ ಇಲ್ಲ, ರಾಂಚಿಯಂಥ ಪೇಟೆಗೆ ದಿನಗಟ್ಟಲೆ ತಳ್ಳಿಕೊಂಡೇ ಹೋಗುತ್ತಾರೆ. ಏರು ಬಂದರೆ ಇಬ್ಬರು ಸೇರಿ ಒಂದು ಸೈಕಲ್ ಹತ್ತಿಸಿ, ಮತ್ತೆ ಕೆಳಗಿಳಿದು ಬಂದು ಇನ್ನೊಂದನ್ನು ಹತ್ತಿಸುತ್ತಾರೆ.

ನನ್ನ ಪದ್ಧತಿ ಹೀಗಿದೆ. ಮುಖ ಗುರುತು ಸಿಗದ ಫೋಟೋವೇ ಬಳಸುತ್ತೇನೆ. ಊರು, ದಾರಿ, ಹೊತ್ತು ಬರೆಯುವುದಿಲ್ಲ. ಫೋಟೋದಲ್ಲಿ ಜಾಗದ ಗುರುತು ಇದ್ದರೆ ಅದನ್ನು ತೆಗೆದ ವರ್ಷವೇ ಪ್ರಕಟಿಸುವುದಿಲ್ಲ. ಅವರೇ ಮುಖ ತೋರಿಸಿ ಅಂದರೂ ಎರಡು ಸಲ ಯೋಚಿಸುತ್ತೇನೆ. ನನ್ನ ಫೋಟೋದಿಂದ ಒಬ್ಬರ ಸೈಕಲ್ ಜಪ್ತಿ ಆದರೆ ಆ ಮನೆಯ ಒಲೆ ಉರಿಯುವುದಿಲ್ಲ, ನನಗೆ ಅದಕ್ಕಿಂತ ದೊಡ್ಡ ಫೋಟೋ ಯಾವುದೂ ಇಲ್ಲ.

ಮಕ್ಕಳು ಕಲ್ಲಿದ್ದಲು ಆಯ್ತಾ ಇದ್ರೆ?

ಗುರುತು ಸಿಗುವ ಹಾಗೆ ಪ್ರಕಟಿಸಬೇಡಿ. ದುಡಿಯುವ ಮಕ್ಕಳ ಗುರುತು ಬಯಲು ಮಾಡುವುದಕ್ಕೆ ಕಾನೂನೇ ಅಡ್ಡ ಇದೆ. ಅದೇ ಮಗು ಶಾಲೆಯ ಬ್ಯಾಗ್ ಹಾಕಿಕೊಂಡು ನಿಂತಾಗ, ಅವರ ಅಮ್ಮ ಒಪ್ಪಿದರೆ, ಮುಖ ಕಾಣುವಂತೆ ತೆಗೆಯಿರಿ.

ಬಡತನ ತೋರಿಸಿ ಹೆಸರು ಮಾಡ್ತೀರ ಅಂತ ಯಾರಾದ್ರೂ ಅಂದ್ರೆ?

ಅಂದಿದ್ದಾರೆ, ಅನ್ನಲೂಬೇಕು. ಈ ಪ್ರಶ್ನೆ ನಮ್ಮ ಬೆನ್ನ ಹಿಂದೆ ಇರುವುದೇ ಒಳ್ಳೆಯದು. ನನ್ನ ಉತ್ತರ ಕೆಲಸದಲ್ಲಿದೆ. ಒಂದು, ತೆಗೆದ ಪ್ರತಿ ಮನೆಗೂ ಪ್ರಿಂಟ್ ತಲುಪಿಸುತ್ತೇನೆ. ಅಂಗಡಿಯಲ್ಲಿ ಹಾಕಿಸಿದ ಸಾದಾ 4×6 ಪ್ರಿಂಟ್, ಲ್ಯಾಮಿನೇಷನ್ ಮಾಡಿಸಿದ್ದು, ಯಾಕಂದ್ರೆ ಅಲ್ಲಿನ ಧೂಳಿಗೆ ಬರೀ ಕಾಗದ ತಡೆಯುವುದಿಲ್ಲ. ಆ ಪ್ರಿಂಟ್ ತಗೊಂಡು ಅವರು ಹೇಳುವುದನ್ನು ಕೇಳಬೇಕು. ಬಹಳ ಜನ ಹೇಳುವುದು, "ನೀಟಾಗಿ ಸೀರೆ ಉಟ್ಟು ನಿಂತಾಗಲೂ ಒಂದು ತೆಗಿ" ಅಂತ. ಹಾಗಾಗಿ ನನ್ನ ಸಂಗ್ರಹದಲ್ಲಿ ಮಸಿ ಮೆತ್ತಿದ ಮುಖಗಳಷ್ಟೇ ಮಿಂದು ತಲೆ ಬಾಚಿದ ಮುಖಗಳೂ ಇವೆ. ಇನ್ನೊಂದು, ಕ್ಯಾಪ್ಷನ್‌ನಲ್ಲಿ ಸುಮ್ನೆ "ಗಣಿ ಕಾರ್ಮಿಕ" ಅಂತ ಬರೆದು ಮುಗಿಸುವುದಿಲ್ಲ. ಅವರು ಒಪ್ಪಿದರೆ ಹೆಸರು, ಎಷ್ಟು ವರ್ಷದ ಕೆಲಸ, ಯಾವ ಊರಿನಿಂದ ಬಂದವರು ಎಲ್ಲ ಇರುತ್ತೆ.

## ಈಗಾಗಲೇ ಈ ಕೆಲಸದಲ್ಲಿರುವವರಿಗೆ

ಕಪ್ಪು ಗಣಿ, ಕಪ್ಪು ಬಟ್ಟೆ, ಮಸಿ ಮುಖ. ಎಕ್ಸ್‌ಪೋಶರ್ ಹೇಗೆ ಸರಿಮಾಡ್ತೀರ?

ಕ್ಯಾಮೆರಾದ ಮೀಟರ್ ಎಲ್ಲವನ್ನೂ ಬೂದು ಬಣ್ಣಕ್ಕೆ ತರಲು ನೋಡುತ್ತೆ. ಫ್ರೇಮ್ ತುಂಬ ಕಲ್ಲಿದ್ದಲು ಇದ್ದರೆ ಬೆಳಕು ಜಾಸ್ತಿ ಮಾಡಿ ಕಪ್ಪನ್ನು ಬೂದು ಮಾಡುತ್ತೆ, ಬೆವರಿನ ಹೊಳಪು ಬೆಳ್ಳಗೆ ಸುಟ್ಟುಹೋಗುತ್ತೆ. ಅದಕ್ಕೆ ಮುಕ್ಕಾಲಿನಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ ಆಗುತ್ತೆ). ಬೆಳಗಿನ ಹೊಗೆಯಲ್ಲಿ ಉಲ್ಟಾ, ಬೆಳ್ಳನೆ ಹೊಗೆ ನೋಡಿ ಮೀಟರ್ ಕತ್ತಲೆ ಮಾಡುತ್ತೆ, ಅಲ್ಲಿ ಏರಿಸಬೇಕು. ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲ್‌ನಲ್ಲೇ ತೆಗೆಯಿರಿ. ಬ್ಲ್ಯಾಕ್ ಅಂಡ್ ವೈಟ್ ಬೇಕಾ ಕಲರ್ ಬೇಕಾ ಅಂತ ಕೇಳುತ್ತಾರೆ. ನಾನು ಕಲರ್. ಮಸಿಯ ನಡುವೆ ಒಣಗಲು ಹಾಕಿದ ಗುಲಾಬಿ ಬಣ್ಣದ ಸೀರೆ ಅವರದ್ದೇ ಆಯ್ಕೆ, ಅದನ್ನು ಅಳಿಸಲು ನನಗೆ ಮನಸ್ಸಿಲ್ಲ.

ಈ ವಿಷಯದಲ್ಲಿ ಯಾರ ಕೆಲಸ ನೋಡಬೇಕು?

ಲೂಯಿಸ್ ಹೈನ್ 1911ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಪುಟ್ಟ ಹುಡುಗರ ಫೋಟೋ ತೆಗೆದರು, ಬಾಲಕಾರ್ಮಿಕರ ಪರ ಹೋರಾಟಕ್ಕೆ ಅವು ದೊಡ್ಡ ಬಲ ಕೊಟ್ಟವು. 1946ರಲ್ಲಿ ರಸೆಲ್ ಲೀ ಅಲ್ಲಿನ ಸರ್ಕಾರದ ಆರೋಗ್ಯ ಸಮೀಕ್ಷೆಗಾಗಿ ಗಣಿ ಕುಟುಂಬಗಳ ಮನೆಯೊಳಗೇ ಹೋದರು. ನಾನು ಹೆಚ್ಚು ಕಲಿತಿದ್ದು ಇವರಿಂದ. ಸೆಬಾಸ್ಟಿಯೋ ಸಲ್ಗಾಡೊ 1989ರಲ್ಲಿ ಧನ್‌ಬಾದ್‌ಗೇ ಬಂದಿದ್ದರು. ಆ ಚಿತ್ರಗಳು ಭವ್ಯವಾಗಿವೆ, ಆದರೆ ಅಷ್ಟು ಭವ್ಯತೆಯಲ್ಲಿ ಒಬ್ಬೊಬ್ಬರ ಬದುಕು ಕಾಣಿಸುವುದು ಕಷ್ಟ ಅನ್ನುವುದು ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ ಕ್ರಿಸ್ ಕಿಲಿಪ್ ಅವರನ್ನು ತಪ್ಪದೆ ನೋಡಿ. ಲೈನ್‌ಮೌತ್ ಕಡಲತೀರದಲ್ಲಿ ಅಲೆ ತಂದು ಹಾಕಿದ ಕಲ್ಲಿದ್ದಲು ಆಯುವವರು ಅವರನ್ನು 1976ರಿಂದ ಹತ್ತಿರ ಸೇರಿಸಿರಲಿಲ್ಲ, 1982ರಲ್ಲಿ ಒಪ್ಪಿಕೊಂಡರು. ಆಮೇಲೆ ಅವರು ಅಲ್ಲೇ ಒಂದು ಕ್ಯಾರವಾನ್‌ನಲ್ಲಿ ವಾಸಕ್ಕೆ ನಿಂತರು.

ಸಂಸ್ಥೆಯವರು ದುಡ್ಡು ಕೊಟ್ಟು ಫೋಟೋ ತೆಗೆಸಿದ್ರೆ ಹಕ್ಕು ಯಾರದು?

ಜೋಪಾನ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ. ಆದ್ದರಿಂದ ಕೆಲಸಕ್ಕೆ ಮುಂಚೆ ಒಂದು ಪುಟದ ಕಾಗದ ಮಾಡಿಕೊಳ್ಳಿ: ಹಕ್ಕು ನನ್ನದು, ನಿಮಗೆ ಇಷ್ಟು ವರ್ಷ ಇಂಥಿಂಥ ಕಡೆ ಬಳಸಲು ಅನುಮತಿ. ಹಾಗೆ ಮಾಡದಿದ್ದರೆ ನಿಮ್ಮನ್ನು ನಂಬಿ ಮುಖ ಕೊಟ್ಟವರ ಫೋಟೋ ಯಾವ ಜಾಹೀರಾತಿಗೆ ಹೋದರೂ ತಡೆಯಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಗ್ರಾಂಟ್ ಸಿಗುತ್ತಾ?

ಪ್ರಯತ್ನ ಮಾಡಿ. ಬೆಂಗಳೂರಿನಲ್ಲೇ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. ಹೊರಗಡೆ ಅಮೆರಿಕದ ಫೋಟೋಗ್ರಾಫರ್ ಯೂಜೀನ್ ಸ್ಮಿತ್ ಹೆಸರಿನ ನಿಧಿ ಇದೆ. ಅರ್ಜಿಯಲ್ಲಿ "ಗಣಿ ಕಾರ್ಮಿಕರ ಕಷ್ಟ" ಅಂತ ಬರೆದರೆ ಸಾವಿರದಲ್ಲಿ ಒಂದಾಗುತ್ತೆ. ಒಂದು ಊರು, ಒಂದು ಪ್ರಶ್ನೆ, ಯಾರ ಜೊತೆ ಎಷ್ಟು ದಿನದ ಒಡನಾಟ ಇದೆ ಅಂತ ಬರೆಯಿರಿ.

ಇಷ್ಟೊಂದು ಫೋಟೋ ಎಲ್ಲಿ ಇಡ್ತೀರ? ಗಣಿ ಮುಚ್ಚಿದ್ರೆ ಇವೆಲ್ಲ ಯಾರಿಗೆ ಬೇಕು?

ಮೂರು ಪ್ರತಿ. ಎರಡು ಮನೆಯಲ್ಲಿ ಬೇರೆ ಬೇರೆ ಡಿಸ್ಕ್‌ಗಳಲ್ಲಿ, ಒಂದು ಬೇರೆಯವರ ಮನೆಯಲ್ಲಿ. ಹೆಸರು, ಊರು, ದಿನಾಂಕವನ್ನು ಫೈಲಿನ ಒಳಗೇ ತುಂಬುತ್ತೇನೆ, ನೋಟ್‌ಬುಕ್ ಕಳೆದರೂ ಫೋಟೋ ಅನಾಥ ಆಗಬಾರದು. ಹೊರಗೆ ಹೋಗಬಾರದ ಹೆಸರುಗಳನ್ನು ಬೇರೆಯಾಗಿ, ಬೀಗ ಹಾಕಿ ಇಡುತ್ತೇನೆ.

ಮುಚ್ಚಿದ ಮೇಲೆಯೇ ಇವು ಜಾಸ್ತಿ ಬೇಕಾಗುವುದು. ನ್ಯುಮೊಕೋನಿಯೋಸಿಸ್ (ಕಲ್ಲಿದ್ದಲ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಬಂದವರ ಕೆಮ್ಮು ಗಣಿ ಮುಚ್ಚಿದ ದಿನ ನಿಲ್ಲುವುದಿಲ್ಲ. ಕ್ವಾರ್ಟರ್ಸ್ ಯಾರಿಗೆ ಸೇರಬೇಕು, ಯಾರು ಎಷ್ಟು ವರ್ಷದಿಂದ ಎಲ್ಲಿದ್ದರು ಅನ್ನುವ ತಕರಾರು ಎದ್ದಾಗ, ತಾರೀಖು ಸಮೇತ ಇರುವ ಒಂದು ಮನೆಯ ಫೋಟೋ ಕೂಡ ಮಾತಾಡುತ್ತೆ. ಅದಕ್ಕೇ ಒಂದು ಸೆಟ್ ಆಯಾ ಊರಿನ ಯೂನಿಯನ್ ಆಫೀಸಿಗೋ ಶಾಲೆಗೋ ಕೊಡಿ. ನಿಮ್ಮ ಕಿವಿಗೆ ಯಾವುದಾದರೂ ಗಣಿ ಮುಚ್ಚುತ್ತಾರೆ ಅನ್ನುವ ಸುದ್ದಿ ಬಿದ್ದರೆ, ಮುಚ್ಚುವವರೆಗೆ ಕಾಯಬೇಡಿ. ಹಾಜರಿ ಹಾಕುವ ಜಾಗ, ಕ್ಯಾಂಟೀನು, ಕಂಪನಿ ಆಸ್ಪತ್ರೆ, ಬಸ್ ನಿಲ್ಲುವ ಮರ, ಇವನ್ನೆಲ್ಲ ಜನ ಇರುವಾಗಲೇ ಹೋಗಿ ತೆಗೆಯಿರಿ.